ಪ್ಯಾಂಟಿನ ಮಡಿಕ್ಯಾಗ ಒಂದು ಸಜ್ಜಿ ಕಾಳು

ಮೊನ್ನೆ ನಮ್ಮವ್ವ ನನ್ನ ಪ್ಯಾಂಟಿನ ಕೆಳಗಿನ ಮಡಿಕಿ ಬಿಚ್ಚಾಕತ್ತಿದ್ಲು. ನಾ ಈ ವರ್ಷ ಬೆಳದಿದ್ದು ನೋಡಿದ್ರ ಮಸ್ಕಿ ಗುಡ್ಡನ ಒಂದೀಟು ಹಿಂದಕ್ಕ ಸರದು ಜಾಗ ಬಿಟ್ಟೈತಿ ಅಂತ ತಿಳ್ಕೋರಿ. ಕಾಲೇಜಿಗಿ ಹೊಂಟ್ರ ಪ್ಯಾಂಟು ಮೊಣಕಾಲಿಗಿ ಹತ್ರ, ಪಾದಕ್ಕ ದೂರ. ಓಣ್ಯಾಗಿನ ಹುಡುಗ್ರು "ಏನಲೇ, ಭತ್ತದ ಗದ್ದಿಗಿ ಇಳ್ಯಾಕ ಹೊಂಟಿಯೇನು?" ಅಂತ ಕಾಡ್ತಿದ್ರು. ಅದಕ ಅವ್ವ ಬ್ಲೇಡ್ ಹಿಡಕೊಂಡು ಕುಂತಿದ್ಲು. ಹೊಲಿಗಿ ಬಿಚ್ಚವಲ್ದು. "ಯಾವ ಪುಣ್ಯಾತ್ಮ ಹಾಕ್ಯಾನೋ ಇದನ್ನ, ಪ್ಯಾಂಟ್ ಹರದು ಹೋದ್ರೂ ಮಡಿಕಿ ಉಳಿತೈತಿ" ಅಂದ್ಲು.

ಕಡೀಕ ದಾರ ಬಿಚ್ಚಿತು. ಮಡಿಕಿ ಒಳಗಿಂದ ಸಣ್ಣದೊಂದು ಏನೋ ನೆಲಕ್ಕ ಬಿತ್ತು. ನೋಡಿದ್ರ ಸಜ್ಜಿ ಕಾಳು. ಒಂದೇ ಒಂದು. ಅವ್ವ ಆ ಪ್ಯಾಂಟನ್ನ ಎಷ್ಟು ಸಲ ನೆನಸ್ಯಾಳೋ, ಎಷ್ಟು ಸಲ ಕಲ್ಲಿಗಿ ಬಡದಾಳೋ ಲೆಕ್ಕಿಲ್ಲ. ಕಾಳು ಮೊಳಕಿನೂ ಒಡೀಲಿಲ್ಲ, ಒಡದು ಪುಡಿನೂ ಆಗಲಿಲ್ಲ. ಮೂಗಿನ ಹತ್ರ ಹಿಡದ್ನಿ. ಮಷಿನ್ ಎಣ್ಣಿ ವಾಸನಿ ಬಂತು. ಅವ್ವ ಹಿಡದು ನೋಡಿ, "ಸೋಪಿನ ವಾಸನಿನೋ ಮಂಗ್ಯಾ" ಅಂದ್ಲು. ನಾ ಹೇಳೋದ್ರಾಗ ಅರ್ಧ ಕಳೀಬೇಕು, ಉಳದಿದ್ರಾಗ ಮತ್ತ ಅರ್ಧ ಕಳೀಬೇಕು ಅನ್ನೋದು ಅವ್ವನ ಲೆಕ್ಕ. ಕಳೀರಿ ಬೇಕಾದ್ರ. ನನಗಂತೂ ಎಣ್ಣಿ ವಾಸನಿನೇ ಬಂತು...

ಟೇಲರ್ ಮಾಮಾನ ವಾಸನಿ ಅದು.

ನಮ್ಮ ಮನಿಯಿಂದ ಎರಡು ಬಾಗಲ ಆಚೆ ಅವನ ಮನಿ. ಮುಂದಿನ ಖೋಲಿ ಹೊಲಿಗಿ ಅಂಗಡಿ, ಹಿಂದ ಒಲಿ, ಮ್ಯಾಲ ಮಾಳಿಗಿ ತುಂಬ ಪಾರಿವಾಳ. ಮಾಮಾ ಅಂದ್ರ ನಮ್ಮವ್ವನ ತಮ್ಮ ಅಲ್ಲ, ಇಡೀ ಓಣಿಗಿ ಮಾಮಾ. ಮದ್ವಿ ಆಗಿರಲಿಲ್ಲ. ಒಮ್ಮೆ ಕನ್ಯಾ ನೋಡಾಕ ಹೋದಾಗ ಆ ಊರಿನ ಯಾರದೋ ಹಕ್ಕಿ ಹಾರಾಕತ್ತಿದ್ವಂತ. ಇವ ಕಿಡಕ್ಯಾಗಿಂದ ಅವನ್ನೇ ನೋಡಿಕೋಂತ ಕುಂತಾನ. ಹುಡುಗಿ ಬಂದು, ಚಾ ಕೊಟ್ಟು, ನಮಸ್ಕಾರ ಮಾಡಿ ಒಳಗ ಹೋಗ್ಯಾಳ. ಆಮ್ಯಾಲ ಇವ "ಹುಡುಗಿ ಯಾವಾಗ ಬರ್ತಾಳ್ರೀ?" ಅಂತ ಕೇಳ್ಯಾನ. ಅಲ್ಲಿಗಿ ಆ ಮಾತು ಮುಗೀತು. ಇದು ನಾ ಕಟ್ಟಿದ್ದಲ್ಲ, ಅವನೇ ಹೇಳಿದ್ದು. ಚಾ ಮಾತ್ರ ನಾ ಸೇರಿಸೀನಿ.

ಅವನ ಅಂಗಿಗಿ ಎರಡು ಕಿಸೆ. ಒಂದ್ರಾಗ ಬಟ್ಟಿ ಮ್ಯಾಲ ಗೆರಿ ಹಾಕೋ ಚಾಕ್‌ಪೀಸು, ಇನ್ನೊಂದ್ರಾಗ ಸಜ್ಜಿ. ಬಗ್ಗಿ ಅಳತಿ ತಗೊಂಡ್ರ ಕಾಳು ಉದುರುತಿದ್ವು. ಮದುಮಗಳ ಜಂಪರ್‌ದಾಗ ಸಜ್ಜಿ, ಮಾಸ್ತರ್ ಪ್ಯಾಂಟಿನಾಗ ಸಜ್ಜಿ. ಅವನ ಕಡೆ ಹೊಲಿಸಿದ ಬಟ್ಟಿ ಒಣಾಕ ಹಾಕಿದ್ರ ಗುಬ್ಬಿ ಬಂದು ಕಿಸೆ ತಪಾಸ್ ಮಾಡಿ ಹೋಗ್ತಿದ್ವು.

ಸಂಜಿ ಆದ್ರ ಪಾರಿವಾಳದ ಮಂದಿ ಅವನ ಮಾಳಿಗಿ ಮ್ಯಾಲ ಸೇರತಿದ್ವಿ. ಕಿರಾಣಿ ಅಂಗಡಿ ಕಾಕಾ, ಗ್ಯಾರೇಜಿನ ಭಾಯ್, ಇನ್ನ ಕೆಲವರು, ಮತ್ತ ಎಂಟನೇತ್ತ ಓದಾಕತ್ತಿದ್ದ ನಾನು. ನನ್ನ ಹತ್ರ ಆಗ ಇದ್ದಿದ್ದು ಎರಡೇ ಹಕ್ಕಿ, ಮಾತು ಮಾತ್ರ ಇಪ್ಪತ್ತು ಹಕ್ಕಿದು. ನಮ್ಮ ಮಂದ್ಯಾಗ ಒಂದು ಕಟ್ಟಳಿ ಇತ್ತು. ಬ್ಯಾರೆಯವರ ಹಕ್ಕಿ ದಾರಿ ತಪ್ಪಿ ನಿನ್ನ ಮಾಳಿಗಿಗಿ ಇಳೀತಂದ್ರ ಅದು ನಿಂದು. ಕೇಳಂಗಿಲ್ಲ, ಕೊಡಂಗಿಲ್ಲ. ಕಾಕಾಂದು ಒಂದು ಜಾಕ ಅನ್ನೋ ಜಾತಿ ಹಕ್ಕಿ ಹಿಂಗ ಭಾಯ್ ಮನಿ ಸೇರಿತ್ತು. ಅವತ್ತಿಂದ ಅವರಿಬ್ಬರೂ ಮಾತು ಬಿಟ್ಟಿದ್ರು. ಒಂದೇ ಮಾಳಿಗಿ ಮ್ಯಾಲ ಕುಂತು ನನ್ನ ಕೈಲೆ ಮಾತಾಡಿಸ್ತಿದ್ರು. "ಅವಗ ಹೇಳಲೇ, ಕಾಲು ಸರಿಸು ಅಂತ." "ಅವರಿಗಿ ಹೇಳೋ, ಮಾಳಿಗಿ ಅವರಪ್ಪಂದಲ್ಲ ಅಂತ." ನಾ ಮಾತು ಮುಟ್ಟಸತಿದ್ನಿ, ದಾರ್ಯಾಗ ಸ್ವಲ್ಪ ಖಾರ ಹಾಕಿ.

ಹೊಸ ಹಕ್ಕಿ ನಿಲ್ಲಿಸೋದು ಹೆಂಗ ಅಂತ ನಮಗ ಕಲಿಸಿದವ ಮಾಮಾನೇ. ಜಂಪರ್ ಹೊಲಿಯೋ ದಾರದಿಂದ ರೆಕ್ಕಿಪುಚ್ಚ ಹಗೂರ ಕಟ್ಟತಿದ್ದ, ನೋವಾಗದಂಗ. "ಕಟ್ಟಿ ಕೂಡಿಸಿದ್ರ ನಿಲ್ಲಂಗಿಲ್ರೋ. ಜೋಡಿ ಮಾಡಿ ಹಾಕ್ರಿ. ತತ್ತಿ ಇಡ್ಲಿ, ಮರಿ ಆಗ್ಲಿ. ಆಮ್ಯಾಲ ದಾರ ಕತ್ತರಿಸ್ರಿ. ಹೋಗು ಅಂತ ಬಡದ್ರೂ ಹೋಗಂಗಿಲ್ಲ" ಅಂತಿದ್ದ. ಈ ಮಾತು ನೆನಪಿಡ್ರಿ. ನಾವು ಭಾಳ ಛಲೋ ನೆನಪಿಟ್ಟಿದ್ವಿ.

ಒಂದು ದಿನ ಮಾಮಾ ಸಿಂಧನೂರಿಗಿ ಹೋದ. ಅಲ್ಲಿ ಒಬ್ಬ ಚಾಚಾ ಇದ್ದ, ಹಕ್ಕಿ ಮಾರೋ ಹಳೇ ಮನಿಷ್ಯಾ. ಅವನ ಕಡೆ ಒಂದು ಹಾಲಿನಂಥ ಬಿಳಿ ಹಕ್ಕಿ, ಬಾಲ ಅಷ್ಟ ಕರೀದು. ಅದನ್ನ ತರಾಕ ಹೋಗಿದ್ದ. "ಸಂಜಿಕ ಎಲ್ಲಾರೂ ಬರ್ರಿ, ಹಕ್ಕಿ ಮುಖ ತೋರಸತೀನಿ" ಅಂತ ಹೊಸಾ ಸೊಸಿ ತರೋರಂಗ ಹೇಳಿ ಹೋಗಿದ್ದ. ನಾವು ಮಾಳಿಗಿ ಮ್ಯಾಲ ಮಿರ್ಚಿ ತಿನ್ಕೋಂತ ಕುಂತಿದ್ವಿ. ಹೊತ್ತು ಮುಳುಗಿತು. ಮಾಮಾ ಬರವಲ್ಲ, ಫೋನ್ ಎತ್ತವಲ್ಲ.

ಅಷ್ಟೊತ್ತಿಗಿ ಕಾಕಾನ ಫೋನ್ ಬಾರಸ್ತು. ಚಾಚಾ. ಜೋರಾಗಿ ಮಾತಾಡೋ ಮನಿಷ್ಯಾ, ಎಲ್ಲಾರಿಗೂ ಕೇಳಸ್ತಿತ್ತು.

"ಏನ್ರೀ ಸಾವ್ಕಾರ್ರ, ನಿಮ್ಮ ಟೇಲರ್‌ಗ ತಲಿ ಕೆಟ್ಟದೇನು? ಹಕ್ಕಿ ರಸ್ತಾದಾಗ ಬಿಟ್ಟಾನ. ಇಲ್ಲಿ ನನ್ನ ಮಾಳಿಗಿ ಮ್ಯಾಲ ಬಂದು ಕುಂತದ!"

ಕಾಕಾ ನಕ್ಕ. ನಾನೂ ನಕ್ಕೆ. ಭಾಯ್ ನಗಲಿಲ್ಲ. ಎದ್ದು ನಿಂತ. ಮೊದಲನೇ ಸಲ ಕಾಕಾನ ಮಾರಿ ನೋಡಿ ಸೀದಾ ಮಾತಾಡಿದ.

"ಅವ ಬುಟ್ಟಿ ಬಾಯಿ ಹೊಲದು ತರ್ತಾನ್ರೀ ಕಾಕಾ. ಅದು ತಾನಾಗಿ ಬಿಚ್ಚಂಗಿಲ್ಲ."

ಹೌದು. ಬ್ಯಾರೆಯವರು ಬುಟ್ಟಿ ಬಾಯಿಗಿ ಅರಿವಿ ಕಟ್ಟಿದ್ರ, ಮಾಮಾ ಸೂಜಿ ದಾರದಿಂದ ಸುತ್ತ ಹೊಲಿತಿದ್ದ. ಬುಟ್ಟಿ ಒಡದ್ರ ಮಾತ್ರ ಹಕ್ಕಿ ಹೊರಗ ಬರಬೇಕು. ಬುಟ್ಟಿ ಒಡದೈತಿ ಅಂದ್ರ...

ಕಾಕಾ ಅಂಗಡಿ ಬಾಗಲನೂ ಹಾಕದಂಗ ಭಾಯ್‌ನ ಗಾಡಿ ಹಿಂದ ಹತ್ತಿದ. ಮಾತು ಬಿಟ್ಟ ಇಬ್ಬರೂ ಒಂದೇ ಗಾಡಿ ಮ್ಯಾಲ, ಕಾಕಾ ಭಾಯ್‌ನ ಹೆಗಲು ಗಟ್ಟಿ ಹಿಡಕೊಂಡು. ನಾನೂ ಹೋಗಿದ್ನಿ ಅಂತ ಕಾಲೇಜಿನಾಗ ಹೇಳತಿರ್ತೀನಿ. ಅವ್ವ ಅಂಗಿ ಹಿಡಕೊಂಡು ಜಗ್ಗಿದ್ದು ಹೇಳಂಗಿಲ್ಲ.

ಭತ್ತ ಕೊಯ್ಲಿನ ದಿನ ಅವು. ಸಿಂಧನೂರು ರಸ್ತಾದಾಗ ಅರ್ಧ ರೋಡಿಗಿ ಭತ್ತ ಒಣಾಕ ಹಾಕಿ ಸುತ್ತ ಕಲ್ಲು ಇಟ್ಟಿರ್ತಾರಲ್ಲ, ಮಬ್ಬಿನಾಗ ಮಾಮಾನ ಗಾಡಿ ಅದರ ಮ್ಯಾಲ ಹತ್ತಿ ಜಾರಿತ್ತು. ಇವರು ಹೋದಾಗ ಭತ್ತದವರೇ ಅವನ್ನ ತಾಡಪತ್ರಿ ಮ್ಯಾಲ ಮಲಗಿಸಿ ನೀರು ಕುಡಸಾಕತ್ತಿದ್ರಂತ. ಬಲಗಾಲು ಎರಡು ಕಡೆ ಮುರದಿತ್ತು. ಕಾಕಾನ ನೋಡಿ ಮಾಮಾ ಕೇಳಿದ ಮೊದಲ ಮಾತು, "ಹಕ್ಕಿ?"

"ಚಾಚಾನ ಮನಿ ಸೇರೈತಿ."

"ನನಗಿಂತ ಶಾಣ್ಯಾ ಐತಿ ಬಿಡು" ಅಂದು ಕಣ್ಣು ಮುಚ್ಚಿದನಂತ.

ಸಿಂಧನೂರು ದವಾಖಾನ್ಯಾಗ ಕಾಲಿಗಿ ರಾಡ್ ಹಾಕಿದ್ರು. ಅಲ್ಲಿಂದ ಲಿಂಗಸುಗೂರಿಗಿ ಅವನ ಅಕ್ಕನ ಮನಿಗಿ ಕರ್ಕೊಂಡು ಹೋದ್ರು, ನೋಡ್ಕೊಳ್ಳೋರು ಬ್ಯಾರೆ ಯಾರೂ ಇರಲಿಲ್ಲ. ಹಕ್ಕಿ ನೋಡ್ಕೊಳ್ಳೋರು ಮಾತ್ರ ನಾವೆಲ್ಲ ಇದ್ವಿ. ದಿನಾ ಒಬ್ಬೊಬ್ಬರು ಹೋಗಿ ಕಾಳು ನೀರು ಇಟ್ವಿ. ಭಾಯ್ ಗಾಡಿ ಬಗ್ಗಿದ್ದೆಲ್ಲ ತೆಗೆದು ಪುಕಟ ರಿಪೇರಿ ಮಾಡಿದ. ಕಾಕಾ ಸಜ್ಜಿ ಚೀಲ ಕೊಟ್ಟ. ಆದ್ರ ಖಾಲಿ ಮನಿ ಅಂತ ಬೆಕ್ಕಿಗಿ ಸುದ್ದಿ ಹೋತು. ಒಂದು ಮುಂಜಾನೆ ಮಾಳಿಗಿ ತುಂಬ ಪುಚ್ಚ. ಅವತ್ತೇ ಎಲ್ಲಾರೂ ಕೂಡಿ ಉಳದ ಹಕ್ಕಿನ ಪಾಲು ಮಾಡಿಕೊಂಡು ಮನಿಗಿ ಒಯ್ದ್ವಿ. ನನ್ನ ಪಾಲಿಗಿ ಬಂದಿದ್ದು ಕೆಂಪಿ, ಮಾಮಾನ ಮುದ್ದಿನ ಹಕ್ಕಿ. ಜಗಳಾಡಿ ತಗೊಂಡಿದ್ನಿ.

ಬಿಟ್ರ ಅವು ನಮ್ಮ ಮನ್ಯಾಗ ಎಲ್ಲಿ ನಿಲ್ತಾವ? ಸೀದಾ ಮಾಮಾನ ಮಾಳಿಗಿಗಿ ಹೋಗಿ ಕಟ್ಟಿ ಮ್ಯಾಲ ಸಾಲಾಗಿ ಕುಂದರತಿದ್ವು, ಮೆಟ್ಟಲದ ಬಾಗಲ ಕಡೆ ಮಾರಿ ಮಾಡಿ. ಅಲ್ಲಿಂದ ಯಾರೂ ಬರತಿರಲಿಲ್ಲ. ಕತ್ತಲಾದ್ರ ಬೆಕ್ಕು ಬರತಿತ್ತು. ನಾವು ಹೋಗಿ ಒಂದೊಂದನ್ನೇ ಹಿಡಕೊಂಡು ಬರಬೇಕು. ಅದಕ ಮಾಮಾ ಕಲಿಸಿದಂಗ ಮಾಡಿದ್ವಿ. ದಾರ ಕಟ್ಟಿದ್ವಿ. ಜೋಡಿ ಹಾಕಿದ್ವಿ.

ಆಯಿತ್ವಾರ ಬಂದ್ರ ಎಲ್ಲಾರೂ ಲಿಂಗಸುಗೂರಿಗಿ. ಮೊದಲು ಮೊದಲು ಟಂಟಂ ಗಾಡಿ ತುಂಬ ಮಂದಿ. ಮಾಮಾನ ಅಕ್ಕ ಬಾಗಲದಾಗ ನಿಂತು, "ಬ್ಯಾರೆ ರೋಗಿಗಿ ಮಂದಿ ಹಣ್ಣು ತರ್ತಾರ, ನನ್ನ ತಮ್ಮಗ ಹಕ್ಕಿ ಪುಚ್ಚ ತಂದೀರೇನ್ರಪ್ಪ?" ಅಂತಿದ್ಲು. ಖರೇನ ತರತಿದ್ವಿ. ಮಾಮಾ ಉದರಿದ ಪುಚ್ಚ ಬೆಳಕಿಗಿ ಹಿಡದು ನೋಡಿ, "ಕಾಳು ಕಮ್ಮಿ ಆಗ್ಯಾವ", "ಇದಕ ನೀರು ಸಾಲವಲ್ದು" ಅಂತ ಡಾಕ್ಟರ್ ಹಂಗ ಹೇಳತಿದ್ದ. ತನ್ನ ಕಾಲಿನ ಎಕ್ಸರೇ ಕೇಳಿದ್ರ, "ಅದೇನು ನೋಡ್ತೀರಿ, ಅದರಾಗ ಹಕ್ಕಿ ಇಲ್ಲ" ಅಂತಿದ್ದ. ನಾ ಅವನ ಮುಂದ ಒಂದೊಂದು ಹಕ್ಕಿ ನಡಿಗಿ ನಡದು ತೋರಸತಿದ್ನಿ. ಕುತ್ತಿಗಿ ಮುಂದ ಮಾಡಿ, ಕಾಕಾ ನಡದಂಗ. ಮಾಮಾ ನಗುನಗುತ ಕಾಲು ನೋವಾಗಿ "ಸಾಕಲೇ, ಕಾಲಿನ ಹೊಲಿಗಿ ಬಿಚ್ಚತೈತಿ" ಅಂತಿದ್ದ.

ಒಂದು ವಾರ ನಾ ಭಾರಿ ಸುದ್ದಿ ಹೊತ್ಕೊಂಡು ಹೋದ್ನಿ. ಯಾರೂ ಮೊದಲ ಹೇಳಬಾರದು ಅಂತ ದಾರಿ ತುಂಬ ಎಲ್ಲಾರಿಗೂ ಆಣಿ ಹಾಕಿಸಿದ್ನಿ. ಹೊಸ್ತಲ ದಾಟೋಕಿಂತ ಮೊದಲೇ ಒದರಿದ್ನಿ.

"ಮಾಮಾ! ಕೆಂಪಿ ಮರಿ ಮಾಡ್ಯಾಳ!"

"ನನ್ನ ಮನ್ಯಾಗೂ ಆಗ್ಯಾವ" ಅಂದ ಭಾಯ್. "ನಮ್ಮಲ್ಲಿ ತತ್ತಿ ಅದಾವ, ಇವತ್ತೋ ನಾಳಿಗೋ" ಅಂದ ಕಾಕಾ.

ಮಾಮಾ ನಮ್ಮ ಮಾರಿ ಒಬ್ಬೊಬ್ಬರದೇ ನೋಡಿದ. ನಮ್ಮ ಮಾರ್ಯಾಗ ಹಬ್ಬ ಇತ್ತು. ಆಮ್ಯಾಲ, "ಛಲೋ ಆತು... ಮರಿ ಇರೋತನಕ ಕಾಳು ಜಾಸ್ತಿ ಹಾಕ್ರಿ" ಅಂದ. ಸ್ವಲ್ಪ ಹೊತ್ತು ಬಿಟ್ಟು ನನಗ, "ಫ್ಯಾನ್ ಕಮ್ಮಿ ಮಾಡಲೇ, ಭಾಳ ಸಪ್ಪಳ ಮಾಡಾಕತ್ತೈತಿ" ಅಂದ. ಫ್ಯಾನ್ ತಿರಗಾಕತ್ತಿರಲಿಲ್ಲ. ಕರೆಂಟೇ ಇರಲಿಲ್ಲ. ನಾ ಅದನ್ನೂ ಜೋಕ್ ಮಾಡಿ ದಾರಿ ತುಂಬ ಎಲ್ಲಾರನ್ನ ನಗಿಸಿಕೋಂತ ಬಂದ್ನಿ.

ಬ್ಯಾಸಗಿಗಿ ಮಾಮಾ ಕೋಲು ಹಿಡಕೊಂಡು ಮಸ್ಕಿಗಿ ಬಂದ. ನಾವು ಗೂಡಿಗಿ ಹಸರು ಬಣ್ಣ ಹಚ್ಚಿದ್ವಿ, ಮಾಳಿಗಿ ತೊಳದ್ವಿ. ಎಲ್ಲಾರ ಮನಿಯಿಂದ ಬುಟ್ಟಿಗಳು ಬಂದ್ವು. ಸಿಂಧನೂರಿಂದ ಚಾಚಾ ಬಸ್ಸಿನಾಗ ಬಂದ, ತೊಡಿ ಮ್ಯಾಲ ಆ ಬಿಳಿ ಹಕ್ಕಿ. "ಇದು ನಿಂದೇ. ಅವತ್ತು ನನ್ನ ಮನಿಗಿ ಸುದ್ದಿ ಹೇಳಾಕ ಬಂದಿತ್ತು, ಅಷ್ಟ" ಅಂದ. ಮಾಮಾನ್ನ ಪ್ಲಾಸ್ಟಿಕ್ ಕುರ್ಚ್ಯಾಗ ಕೂಡಿಸಿ ಮೆಟ್ಟಲ ಹತ್ತಿಸಿದ್ವಿ. ಸಣ್ಣ ಮೆಟ್ಟಲ, ದೊಡ್ಡ ಮಂದಿ. ಕಾಕಾನ ಹೊಟ್ಟಿ ಗ್ವಾಡಿಗಿ ಸಿಗಿಬಿತ್ತು. ಮುಂದೂ ಇಲ್ಲ ಹಿಂದೂ ಇಲ್ಲ. ಮಾಮಾ ಮ್ಯಾಲ ದೇವರಂಗ ಕುಂತು, "ನನ್ನ ಕಾಲು ಮುರದಿದ್ದು ಸಾಲಲಿಲ್ಲೇನ್ರೋ, ಕುರ್ಚಿ ಕಾಲೂ ಮುರೀತೀರೇನು?" ಅಂತ ಒದರಾಕತ್ತಿದ್ದ.

ಮ್ಯಾಲ ಹೋಗಿ ಎಲ್ಲಾ ಹಕ್ಕಿನ ಅವನ ಗೂಡಿಗಿ ಬಿಟ್ವಿ, ಬಿಳಿ ಹಕ್ಕಿ ಮಾತ್ರ ಹೊಸದಂತ ರೆಕ್ಕಿ ಕಟ್ಟಿ ಬುಟ್ಟ್ಯಾಗೇ ಇಟ್ವಿ. ಒಂದೀಟು ಹೊತ್ತು ಕೂಡಿಸಿ ಮಾಮಾ ತಾನೇ ಬಾಗಲ ತೆಗೆದ. ಹಕ್ಕಿ ಎದ್ವು. ಗುಡ್ಡದ ಕಡೆ ಒಂದು ದೊಡ್ಡ ಸುತ್ತು. ಇನ್ನೊಂದು ಸುತ್ತು. ಮಾಮಾ ಕಿಸೆಗಿ ಕೈ ಹಾಕಿ ಸಜ್ಜಿ ತೆಗೆದು ಡಬ್ಬಿಗಿ ಹಾಕಿ ಗಲಗಲ ಅನಿಸಿದ. ಇಳಿಯೋ ಹೊತ್ತು ಅದು.

ಭಾಯ್ ಮನಿ ಹಕ್ಕಿ ಮೊದಲು ಬ್ಯಾರೆ ಆದ್ವು. ಭಾಯ್‌ನ ಮಾಳಿಗಿಗಿ ಇಳದ್ವು. ಆಮ್ಯಾಲ ಕಾಕಾಂದು. ಕೆಂಪಿ ಮಾಮಾನ ತಲಿ ಮ್ಯಾಲೆ ಹಾದು, ಒಂದು ಗಳಿಗಿ ರೆಕ್ಕಿ ಹಗೂರ ಮಾಡಿ, ಹಂಗೇ ಮುಂದ ಹೋಗಿ ನಮ್ಮ ಮಾಳಿಗಿಗಿ ಇಳೀತು. ಅಲ್ಲಿ ಅದರ ಮರಿ ಇದ್ವು.

ಮರಿ ಆದ ಮನಿ ಬಿಟ್ಟು ಹಕ್ಕಿ ಹೋಗಂಗಿಲ್ಲ. ಹಕ್ಕಿ ಸಾಕಾಕ ಕಲತಾಗಿಂದ ನಮಗೆಲ್ಲ ಗೊತ್ತಿದ್ದ ಮಾತು. ಒಬ್ಬರಿಗೂ ಹೊಳದಿರಲಿಲ್ಲ.

ಆಮ್ಯಾಲ ಆದಂಥದ್ದನ್ನ ಮಸ್ಕ್ಯಾಗ ಅದಕ್ಕ ಮೊದಲ ಯಾರೂ ನೋಡಿರಲಿಕ್ಕಿಲ್ಲ. ಎಲ್ಲಾರೂ ತಮ್ಮ ತಮ್ಮ ಮನಿಗಿ ಓಡಿದ್ವಿ. ಮಾಳಿಗಿ ಹತ್ತಿ ಟವೆಲ್ ಬೀಸಾಕತ್ತಿದ್ವಿ. "ಹುಶ್! ಹೋಗು! ಮಾಮಾನ ಮನಿಗಿ ಹೋಗು!" ಕಾಕಾ ಲುಂಗಿ ಬಿಚ್ಚಿ ಬೀಸ್ಯಾನ, ಚಡ್ಡಿ ಮ್ಯಾಲ ನಿಂತು. ಭಾಯ್ ತಗಡು ಬಡ್ಯಾಕತ್ತಾನ. ನಾನು ಅವ್ವನ ಸೀರಿ ಹಿಡಕೊಂಡು ಕುಣಿಯಾಕತ್ತೀನಿ. ಒಂದು ಹಕ್ಕಿ ಇಳಿಸಿಕೊಳ್ಳಾಕ ವರ್ಷಗಟ್ಲೆ ಮಾತು ಬಿಟ್ಟ ಮಂದಿ, ಇಳದ ಹಕ್ಕಿನ ಎಬ್ಬಸಾಕ ಹೊಂಟಿದ್ರು. ಹಕ್ಕಿ ಏಳತಿದ್ವು, ಸುತ್ತು ಹಾಕತಿದ್ವು, ಮತ್ತ ನಮ್ಮಲ್ಲೇ ಇಳೀತಿದ್ವು. ಓಣಿ ಮಂದಿ ಹೊರಗ ಬಂದು ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ನನಗೂ ನಗು ಬಂದಿತ್ತು, ಮಾಮಾನ ಮಾಳಿಗಿ ಕಡೆ ನೋಡೋತನಕ. ಹಸರು ಗೂಡಿನ ಮುಂದ ಕುರ್ಚಿ. ಕುರ್ಚ್ಯಾಗ ಮಾಮಾ, ಕೈಯಾಗ ಡಬ್ಬಿ. ತಾನಾಗಿ ಇಳದು ಬರಾಕೂ ಆಗಂಗಿಲ್ಲ ಅವಗ.

ಅಲ್ಲಿಂದಲೇ ಒದರಿದ, "ಬಿಡ್ರೋ... ಎಬ್ಬಿಸಬ್ಯಾಡ್ರಿ. ಮರಿ ಅದಾವ ಅಲ್ಲಿ."

ಮರಿ ತಂದು ಕೊಡ್ತೀವಿ, ಹೊಸದಾಗಿ ಶುರು ಮಾಡು ಅಂತ ಭಾಯ್ ಅಂದ. "ದಿನಾ ಮೆಟ್ಟಲ ಹತ್ತೋರು ಯಾರು?" ಅಂದ ಮಾಮಾ. "ನಾವು ಹತ್ತಸ್ತೀವಿ!" ಅಂದ್ವಿ. ಹತ್ತಿಸಿದ್ವಿ, ಕೆಲವು ದಿನ. ಆಮ್ಯಾಲ ಕಾಕಾನ ಅಂಗಡ್ಯಾಗ ಗಿರಾಕಿ, ಭಾಯ್‌ನ ಗ್ಯಾರೇಜ್, ನನಗ ಸಾಲಿ ಶುರು... ಕುರ್ಚಿ ಕೆಳಗೇ ಉಳೀತು. ಮಾಮಾ ಅಂಗಡ್ಯಾಗ ಕುಂತು ಹೊಲಿಗಿ ಮಷಿನ್ ಕಾಲಿಲೆ ತುಳ್ಯಾಕ ನೋಡತಿದ್ದ, ಬಲಗಾಲು ಕೇಳತಿರಲಿಲ್ಲ. ಸಂಜಿಕ ನಾವು ನಮ್ಮ ನಮ್ಮ ಮಾಳಿಗಿ ಮ್ಯಾಲಿಂದ ಹಕ್ಕಿ ಬಿಟ್ರ, ಅವ ಅಂಗಡಿ ಬಾಗಲದಾಗ ಕುಂತು ರೆಕ್ಕಿ ಸಪ್ಪಳ ಕೇಳತಿದ್ದ. ಮ್ಯಾಲ ನೋಡಿದ್ರ ಸೂರಿನ ಪತ್ರಾಸ್ ತಗಡು ಅಡ್ಡ.

ಕಡೀಕ ಲಿಂಗಸುಗೂರಿಗೇ ಹೋಗಿಬಿಟ್ಟ. ಅಲ್ಲಿ ಅಕ್ಕನ ಮಗನ ಅಂಗಡ್ಯಾಗ ಮೋಟಾರ್ ಮಷಿನ್ ಇತ್ತು. ಹೋಗೋ ಮುಂಜಾನೆ ಬಿಳಿ ಹಕ್ಕಿ ರೆಕ್ಕಿ ದಾರ ಕತ್ತರಿಸಿ ಬಾಗಲದಾಗೇ ಮ್ಯಾಲ ಹಾರಿಸಿದ. ಅದು ಒಂದು ಸುತ್ತೂ ಹಾಕಲಿಲ್ಲ. ಸೀದಾ ಸಿಂಧನೂರು ದಿಕ್ಕ. ಚಾಚಾ ಸಂಜಿಕ ಕಾಕಾಗ ಫೋನ್ ಮಾಡಿ, ಗಾಬರಿ ಆಗಿ, "ಮತ್ತ ಬಿದ್ನೇನ್ರೀ?" ಅಂತ ಕೇಳಿದ. "ಇಲ್ರೀ ಚಾಚಾ, ಹೋದ" ಅಂದ ಕಾಕಾ.

ಹತ್ತನೇತ್ತ ಇದ್ದಾಗ ಒಮ್ಮೆ ಮಾಮಾನ ಕಡೆನೇ ಪ್ಯಾಂಟ್ ಹೊಲಿಸಬೇಕು ಅಂತ ಹಟ ಮಾಡಿ ಲಿಂಗಸುಗೂರಿಗಿ ಹೋದ್ನಿ. ಬಸ್‌ಸ್ಟ್ಯಾಂಡ್ ಹಿಂದ ಸಣ್ಣ ಅಂಗಡಿ. ಮಷಿನ್ ಗ್ವಾಡಿ ಕಡೆ ಮಾರಿ ಮಾಡಿತ್ತು. ಅಳತಿ ತಗೊಂಡ, ಅಲ್ಲೇ ಕೂಡಿಸಿ ಹೊಲದ. ನಾ ಹಕ್ಕಿ ಪುರಾಣ ಬಿಚ್ಚಿದ್ನಿ. ಕೆಂಪಿ ಗಿಡಗನ ಕೂಡ ಗುದ್ದಾಡಿದ್ದು, ಕಾಕಾ ಭಾಯ್ ಮತ್ತ ಮಾತು ಬಿಟ್ಟಿದ್ದು. ತಲಿ ಎತ್ತದಂಗ ಕೇಳಿದ.

"ಇಲ್ಲಿ ಸಾಕಿಲ್ಲೇನು ಮಾಮಾ?"

"ಎಲ್ಲೀದು ತಗಿ. ಮ್ಯಾಲ ನೋಡಿದ್ರ ಕುತ್ತಿಗಿ ನೋಯ್ತೈತಿ ಈಗ."

ಪ್ಯಾಂಟ್ ಕೊಡೋವಾಗ, "ಇನ್ನೂ ಬೆಳೀತಿ ನೀ. ಮಡಿಕ್ಯಾಗ ಬಟ್ಟಿ ಜಾಸ್ತಿ ಬಿಟ್ಟೀನಿ, ನಿಮ್ಮವ್ವಗ ಹೇಳು" ಅಂದ. ಮೆಟ್ಟಲ ಇಳದಾಗ ಹಿಂದಿಂದ ಕರದ.

"ಅವು... ನನ್ನ ಮಾಳಿಗಿ ಮ್ಯಾಲ ಹಾಯ್ತಾವೇನಲೇ?"

"ದಿನಾ ಮಾಮಾ! ಗೂಡಿನ ಮ್ಯಾಲ ಕುಂತು, ಮೆಟ್ಟಲದ ಬಾಗಲ ನೋಡಿ, ಆಮ್ಯಾಲೇ ಮನಿಗಿ ಬರ್ತಾವ."

ಮಾಮಾ ನಕ್ಕ. "ಸುಳ್ಳ ಹೇಳ್ತಿ. ಆದ್ರ ಛಲೋ ಹೇಳ್ತಿ."

ಇದೇ ಪ್ಯಾಂಟು ಅದು.

ಕಾಳು ಕೈಯಾಗ ಹಿಡಕೊಂಡು ಮಾಮಾನ ನಂಬರಿಗಿ ಹಚ್ಚಿದ್ನಿ. ಹತ್ತಲಿಲ್ಲ. ಕಾಕಾನ ಅಂಗಡಿಗಿ ಹೋಗಿ ಅವನ ಅಕ್ಕನ ನಂಬರ್ ಹುಡುಕಿಸಿ ಹಚ್ಚಿಸಿದ್ನಿ. ಆಕಿ ಅಂದ್ಲು, "ಅವ ಹೋಗಿ ಭಾಳ ದಿನ ಆತಲ್ಲಪ್ಪ... ಮಳಿಗಾಲಕ್ಕಿಂತ ಮೊದಲ. ಬರೇ ಜ್ವರ ಅಂತ ಮಲಗಿದ್ದ. ನಿಮಗ ಯಾರೂ ಹೇಳಲಿಲ್ಲೇನು?"

ಕಾಕಾ ತಕ್ಕಡಿ ಹಿಡಕೊಂಡೇ ನಿಂತ. ಹಕ್ಕಿ ಇದ್ವೇನವ್ವ ಅವನ ಹತ್ರ ಅಂತ ನಾ ಕೇಳಿದ್ನಿ.

"ಒಂದೂ ಇರಲಿಲ್ಲಪ್ಪ. ಆದ್ರ ಕಿಸೆ ತುಂಬ ಕಾಳು. ಅಂಗಿ ಒಗೆಯೋವಾಗ ದಿನಾ ಬೈತಿದ್ನಿ..."

ಆ ಸಲ ಬಿದ್ದಾಗ ಹಕ್ಕಿ ಬಂದು ಹೇಳಿತ್ತು. ಈ ಸಲ ಹೇಳಾಕ ಅವನ ಹತ್ರ ಹಕ್ಕಿ ಇರಲಿಲ್ಲ. ಎಲ್ಲಾ ನಮ್ಮ ಹತ್ರ ಇದ್ವು.

ಸಂಜಿಕ ಮಾಳಿಗಿ ಹತ್ತಿದ್ನಿ. ಆ ಕಾಳು ಕಟ್ಟಿ ಮ್ಯಾಲ ಇಟ್ಟು ಕೆಂಪಿನ ಕರದ್ನಿ. ಮುದುಕಿ ಆಗ್ಯಾಳ ಈಗ, ನಡಿಗಿ ಥೇಟ್ ಕಾಕಾಂದೇ. ಬಂದ್ಲು. ಕುತ್ತಿಗಿ ಸೊಟ್ಟ ಮಾಡಿ ನೋಡಿದ್ಲು. ಒಂದು ಸಲ ಕುಕ್ಕಿದ್ಲು, ಬಿಟ್ಲು. ನನ್ನ ಕೈಯಾಗಿನ ಹೊಸ ಕಾಳಿಗಿ ಬಂದ್ಲು.

ಪ್ಯಾಂಟ್ ಈಗ ಪಾದಕ್ಕ ಮುಟ್ಟೈತಿ. ಹಳೇ ಮಡಿಕಿ ಗೆರಿ ಮಾತ್ರ ಇಸ್ತ್ರಿ ಹಾಕಿದ್ರೂ ಹೋಗವಲ್ದು. ಕಾಳು ಇನ್ನೂ ಕಟ್ಟಿ ಮ್ಯಾಲೇ ಐತಿ.